ಎಂಬತ್ತೊಂದು ವರ್ಷ ಬಾಳಿದ ಕಾನೂನು

ಈಸ್ಟ್ ಇಂಡಿಯಾ ಕಂಪೆನಿಯ ಕೈಯಿಂದ ಹಿಂದೂಸ್ಥಾನದ ಆಡಳಿತವು ಬ್ರಿಟಿಷ್ ರಾಣಿಯ ಕೈಗೆ ಹೋದ 1858ನೆಯ ಇಸವಿಯಲ್ಲಿಯೇ, ದಂಗೆಯ ಹೊಗೆ ಇನ್ನೂ ಪೂರ್ತಿಯಾಗಿ ಆರದಿರುವಾಗಲೇ, ಕಲ್ಕತ್ತೆಯ ಶಾಸನಸಭೆಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡವರ ವಿಷಯವಾಗಿ ಒಂದರ ಬೆನ್ನಿಗೊಂದರಂತೆ ಮೂರು ಶಾಸನಗಳನ್ನು ಅಂಗೀಕರಿಸಿತು. 34, 35, 36 ಎಂಬ ಕ್ರಮಾಂಕಗಳನ್ನು ಹೊತ್ತ ಈ ಮೂರರಲ್ಲಿ ಮೊದಲನೆಯದು ರಾಜಧಾನಿ ನಗರಗಳ ಉಚ್ಚ ನ್ಯಾಯಸ್ಥಾನಗಳಿಗೂ ಎರಡನೆಯದು ಜಿಲ್ಲಾ ನ್ಯಾಯಸ್ಥಾನಗಳಿಗೂ ಸಂಬಂಧಿಸಿದ್ದು, ಬುದ್ಧಿ ಸ್ಥಿಮಿತ ತಪ್ಪಿದವನ ಮನೆ, ಹೊಲ, ಹಣಗಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ನಿರ್ಣಯಿಸುವುದೇ ಅವುಗಳ ಮುಖ್ಯ ಕಾರ್ಯವಾಗಿದ್ದಿತು. ಆ ಮನುಷ್ಯನನ್ನೇ ಎಲ್ಲಿ ಇರಿಸಬೇಕು, ಹೇಗೆ ಇರಿಸಬೇಕು ಎಂಬ ವಿಚಾರವು ಮೂರನೆಯದರ ಪಾಲಿಗೆ ಬಂದಿತು. ಆಸ್ತಿಯ ಚಿಂತೆಗೆ ಎರಡು ಶಾಸನ, ಆಸಾಮಿಯ ಚಿಂತೆಗೆ ಒಂದು! ಆ ಕಾಲದ ರಾಜ್ಯವ್ಯವಸ್ಥೆಯ ದೃಷ್ಟಿ ಯಾವ ಕಡೆಗೆ ಇದ್ದಿತೆಂಬುದನ್ನು ಈ ಎಣಿಕೆಯೇ ಹೇಳುತ್ತದೆ.

ಐವತ್ತನಾಲ್ಕು ವರ್ಷಗಳ ತರುವಾಯ, 1912ರಲ್ಲಿ, ಇವೆಲ್ಲವನ್ನೂ ಒಟ್ಟುಗೂಡಿಸಿ ತಿದ್ದಿ ಇಂಡಿಯನ್ ಲೂನಸಿ ಆಕ್ಟ್ ಎಂಬ ಒಂದೇ ಶಾಸನವನ್ನು ರಚಿಸಲಾಯಿತು. ನಾನು ಇಲ್ಲಿ ಹೇಳಹೊರಟಿರುವುದು ಈ ಶಾಸನದ ಕಥೆಯನ್ನು. ಅದಕ್ಕಿಂತ ಮಿಗಿಲಾಗಿ, ಅದನ್ನು ತೆಗೆದು ಮತ್ತೊಂದನ್ನು ತರಬೇಕೆಂಬ ಮಾತು ಎದ್ದ ಮೇಲೂ ಅದು ಬಹುಕಾಲ ಅಲುಗದೆ ಉಳಿದ ಕಥೆಯನ್ನು. ವೈದ್ಯಶಾಸ್ತ್ರವು ಮುಂದಕ್ಕೆ ಹೋಗಿ ಕಾನೂನು ಹಿಂದೆಯೇ ಉಳಿದರೆ ನಡುವಿನ ಬಯಲಿನಲ್ಲಿ ಸಿಕ್ಕಿಬಿದ್ದ ಜನರ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಆ ಶಾಸನದ ಕಾರ್ಯಕ್ರಮವನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ರೋಗಿಯನ್ನು ಆಶ್ರಯಾಲಯಕ್ಕೆ ಸೇರಿಸಬೇಕಾದರೆ ಗಂಡನೋ ಹೆಂಡತಿಯೋ ಬಂಧುವೋ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿಯನ್ನು ಹಿಡಿದು ನಿಲ್ಲಬೇಕು. ಅರ್ಜಿದಾರನು ಅದಕ್ಕೆ ಹಿಂದಿನ ಹದಿನಾಲ್ಕು ದಿನಗಳೊಳಗಾಗಿ ರೋಗಿಯನ್ನು ಕಣ್ಣಾರೆ ಕಂಡಿರಬೇಕು. ಅರ್ಜಿಯ ಸಂಗಡ ಇಬ್ಬರು ವೈದ್ಯರ ಪ್ರಮಾಣಪತ್ರಗಳಿರಬೇಕು. ಮ್ಯಾಜಿಸ್ಟ್ರೇಟರು ಎಲ್ಲವನ್ನೂ ವಿಚಾರಿಸಿ, ಮನಸ್ಸಿಗೆ ಸಮಾಧಾನವಾದರೆ, ಸ್ವೀಕಾರದ ಆಜ್ಞೆಯನ್ನು ಹೊರಡಿಸುವರು. ದಿಕ್ಕಿಲ್ಲದೆ ಬೀದಿಯಲ್ಲಿ ಅಲೆಯುವವನಾದರೋ, ಠಾಣೆಯ ಅಧಿಕಾರಿಯು ಅವನನ್ನು ಹಿಡಿದು ಮ್ಯಾಜಿಸ್ಟ್ರೇಟರ ಎದುರಿಗೆ ತಂದು ನಿಲ್ಲಿಸುವನು. ಪ್ರತಿಯೊಂದು ಆಶ್ರಯಾಲಯಕ್ಕೂ ಕನಿಷ್ಠ ಮೂವರು ಸಂದರ್ಶಕರು ಇರತಕ್ಕದ್ದು, ಅವರಲ್ಲಿ ಒಬ್ಬರಾದರೂ ವೈದ್ಯಾಧಿಕಾರಿಯಾಗಿರತಕ್ಕದ್ದು, ಅವರು ತಿಂಗಳಿಗೊಮ್ಮೆ ಬಂದು ಎಲ್ಲವನ್ನೂ ನೋಡತಕ್ಕದ್ದು ಎಂಬ ನಿಯಮವಿದ್ದಿತು. ಪದನಿಮಿತ್ತವಾಗಿ ಎಲ್ಲ ಆಶ್ರಯಾಲಯಗಳಿಗೂ ಸಂದರ್ಶಕರಾಗಿದ್ದ ಒಬ್ಬ ಅಧಿಕಾರಿಯ ಹೆಸರನ್ನು ಶಾಸನವೇ ಹೇಳಿದ್ದಿತು: ಕಾರಾಗೃಹಗಳ ಇನ್‌ಸ್ಪೆಕ್ಟರ್ ಜನರಲ್.

ಈ ನಿಯಮಗಳನ್ನು ಬರೆದವರು ನಿರ್ದಯರೆಂದು ಹೇಳುವುದು ಅನ್ಯಾಯವಾದೀತು. ಆಸ್ತಿಯ ಆಸೆಯಿಂದ ಸ್ವಸ್ಥನಾದ ಅಣ್ಣನನ್ನು ತಮ್ಮನು ಹುಚ್ಚನೆಂದು ಸಾರಿ ಗೋಡೆಯ ಒಳಗೆ ನೂಕಬಾರದು ಎಂಬ ಎಚ್ಚರವು ಅವರ ಪ್ರತಿಯೊಂದು ವಾಕ್ಯದಲ್ಲಿಯೂ ಇದೆ. ಇಬ್ಬರು ವೈದ್ಯರನ್ನೂ ಒಬ್ಬ ಮ್ಯಾಜಿಸ್ಟ್ರೇಟರನ್ನೂ ಬಾಗಿಲಲ್ಲಿ ನಿಲ್ಲಿಸಿದ್ದು ಆ ಕಾರಣದಿಂದಲೇ. ಆದರೆ ಅವರು ಕಾವಲನ್ನು ಇಟ್ಟದ್ದು ಒಳಕ್ಕೆ ಹೋಗುವ ದಾರಿಯಲ್ಲಿ ಮಾತ್ರ. ಒಳಗೆ ಹೋದವನು ಗುಣಹೊಂದುವನೆಂಬ ನಿರೀಕ್ಷೆಯು ಅಂದಿನ ವೈದ್ಯಕ್ಕೇ ಇಲ್ಲದಿದ್ದುದರಿಂದ, ಹೊರಕ್ಕೆ ಬರುವ ದಾರಿಯ ಬಗೆಗೆ ಅವರು ಅಷ್ಟೊಂದು ಯೋಚಿಸಲಿಲ್ಲ. ಪೊಲೀಸು, ಮ್ಯಾಜಿಸ್ಟ್ರೇಟು, ಜೈಲಧಿಕಾರಿ ಎಂಬ ಈ ಮೂವರ ನಡುವೆ ರೋಗವು ಅಪರಾಧದ ಹತ್ತಿರದ ಬಂಧುವಾಗಿ ತೋರುತ್ತಿದ್ದಿತು.

ನಮ್ಮ ಮೈಸೂರು ದೇಶದ ಸಂಸ್ಥೆಯು ಈ ಶಾಸನಗಳೆಲ್ಲಕ್ಕಿಂತ ಹಳೆಯದು. ಕಮಿಷನರರ ಆಡಳಿತದ ಕಾಲದಲ್ಲಿ, 1847ರಲ್ಲಿ, ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳ ಆಶ್ರಯಾಲಯವು ಪ್ರಾರಂಭವಾಯಿತು. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿ ಡಾಕ್ಟರ್ ಫ್ರಾಂಕ್ ನೊರೋನ್ಹಾ ಅವರು ಮೇಲಧಿಕಾರಿಗಳಾಗಿದ್ದ ಕಾಲದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಆವರಣದಲ್ಲಿ ಅದಕ್ಕೆ ಹೊಸ ಕಟ್ಟಡಗಳು ಎದ್ದವು. ಅದೇ ಆವರಣದಲ್ಲಿ 1954ರಲ್ಲಿ ಕೇಂದ್ರ ಸರಕಾರವು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿ, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರನ್ನು ಅದರ ನಿರ್ದೇಶಕರನ್ನಾಗಿ ನೇಮಿಸಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ, ಇಂದು ನಾಡಿನ ಮೂಲೆಮೂಲೆಯ ಜನರೂ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ಒಂದು ದೇಶೀಯ ಸಂಸ್ಥಾನವು ಶಾಸನದ ಪ್ರೇರಣೆಗೆ ಕಾಯದೆ ತನ್ನ ವಿವೇಕದಿಂದಲೇ ಎಷ್ಟು ದೂರ ನಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲ ಪ್ರಾಂತಗಳಿಗೂ ಇಂತಹ ಭಾಗ್ಯವಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆರೋಗ್ಯ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಗೆ ಮೂಲವಾದ ಆ ಪ್ರಸಿದ್ಧ ವರದಿಯಲ್ಲಿ ಮಾನಸಿಕ ಆರೋಗ್ಯಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಇಂಗ್ಲೆಂಡಿನಲ್ಲಿ ಸುಮಾರು 300 ಮಂದಿಗೆ ಒಂದರಂತೆ ಮಾನಸಿಕ ಆಸ್ಪತ್ರೆಯ ಹಾಸಿಗೆಗಳಿದ್ದರೆ, ಹಿಂದೂಸ್ಥಾನದಲ್ಲಿ ಸುಮಾರು 40,000 ಮಂದಿಗೆ ಒಂದು ಎಂದು ಸಮಿತಿಯು ಲೆಕ್ಕ ಹಾಕಿತು. ಇದ್ದ ಆಸ್ಪತ್ರೆಗಳನ್ನು ಸುತ್ತಿ ನೋಡಿ ಬಂದ ಕರ್ನಲ್ ಮೂರ್ ಟೇಲರರು, ಅವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗಿಂತ ಬಂಧನಕ್ಕೇ ತಕ್ಕುವಾಗಿವೆ ಎಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಸ್ವಾತಂತ್ರ್ಯವು ಬಾಗಿಲಲ್ಲಿ ನಿಂತಿದ್ದ ಆ ಹೊತ್ತಿಗೆ, ಆಗಬೇಕಾದುದೇನೆಂಬ ವಿಷಯದಲ್ಲಿ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. 1947ರಲ್ಲಿ ಭಾರತೀಯ ಮನೋವೈದ್ಯ ಸಂಘವು ಹುಟ್ಟಿತು. ಮೂರು ವರ್ಷಗಳೊಳಗೆ, 1950ರಲ್ಲಿ, ಅದು ಹೊಸ ಮಾನಸಿಕ ಆರೋಗ್ಯ ಶಾಸನದ ಕರಡನ್ನು ಸಿದ್ಧಪಡಿಸಿ ಸರಕಾರದ ಕೈಗೆ ಕೊಟ್ಟಿತು.

ಆ ಕರಡು ಸಂಸತ್ತಿನ ಮುಂದೆ ಮಸೂದೆಯ ರೂಪದಲ್ಲಿ ಬರಲು ಇಪ್ಪತ್ತೆಂಟು ವರ್ಷ ಹಿಡಿಯಿತು.

ಇದೇ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ಏನಾಯಿತೆಂಬುದನ್ನು ಹೋಲಿಸಿ ನೋಡುವುದು ಉಚಿತ; ಏಕೆಂದರೆ ನಮ್ಮ 1912ರ ಶಾಸನಕ್ಕೆ ಮಾದರಿಯಾದದ್ದು ಅವರ 1890ರ ಶಾಸನವೇ. ಅವರು 1930ರಲ್ಲಿಯೇ ಸ್ವಇಚ್ಛೆಯಿಂದ ಬರುವ ರೋಗಿಗಳಿಗೆ ದಾರಿಯನ್ನು ಸುಗಮಗೊಳಿಸಿದರು. 1954ರಲ್ಲಿ ಲಾರ್ಡ್ ಪರ್ಸಿಯವರ ನೇತೃತ್ವದಲ್ಲಿ ರಾಜ ಆಯೋಗವನ್ನು ನೇಮಿಸಿದರು. 1957ರಲ್ಲಿ ಅದರ ವರದಿ ಬಂದಿತು. 1959ರಲ್ಲಿ ಹಳೆಯ ಶಾಸನವನ್ನು ಸಮೂಲವಾಗಿ ತೆಗೆದು ಹೊಸದನ್ನು ತಂದರು. ಗುರುಗಳು ಪಾಠವನ್ನು ಬದಲಾಯಿಸಿಕೊಂಡ ಮೇಲೂ ಶಿಷ್ಯರು ಹಳೆಯದನ್ನೇ ಒಪ್ಪಿಸುತ್ತ ಕುಳಿತಂತಾಯಿತು ನಮ್ಮ ಸ್ಥಿತಿ. ಅದರಲ್ಲಿ ನಾವು ಒಬ್ಬಂಟಿಗರಾಗಿರಲಿಲ್ಲ: ಪಾಕಿಸ್ತಾನವು ಅದೇ 1912ರ ಶಾಸನವನ್ನು 2001ರವರೆಗೂ, ಬಾಂಗ್ಲಾದೇಶವು 2018ರವರೆಗೂ ಇಟ್ಟುಕೊಂಡಿದ್ದವು.

ಏಕೆ ಹೀಗಾಯಿತು? ಈ ಪ್ರಶ್ನೆಗೆ ಸಿದ್ಧವಾದ ಉತ್ತರವೆಂದರೆ ವಿರೋಧ. ದೊಡ್ಡ ಸುಧಾರಣೆಗಳೆಲ್ಲ ಸ್ಥಾಪಿತ ಹಿತಗಳ ಪ್ರತಿಭಟನೆಯಿಂದಲೇ ತಡೆಯಲ್ಪಡುತ್ತವೆಯೆಂದು ನಾವು ನಂಬಿರುತ್ತೇವೆ. ಆದರೆ ಈ ಪ್ರಕರಣದಲ್ಲಿ ಅಂತಹ ವಿರೋಧಿಗಳನ್ನು ಹುಡುಕಿದರೂ ಸಿಗುವುದಿಲ್ಲ. ಹಳೆಯ ಶಾಸನವೇ ಇರಲಿ ಎಂದು ವಾದಿಸಿದ ಪಕ್ಷವಿಲ್ಲ, ಅದರಿಂದ ಲಾಭ ಪಡೆದ ವ್ಯಾಪಾರವಿಲ್ಲ, ಅದರ ಪರವಾಗಿ ಹೊರಟ ಮೆರವಣಿಗೆಯಿಲ್ಲ. ಯಾರೂ ಬೇಡವೆನ್ನದಿದ್ದ ಮಸೂದೆಯನ್ನು ಬೇಕೆಂದು ಕೇಳುವವರೂ ಇರಲಿಲ್ಲ. ಅದೇ ಅದರ ದುರದೃಷ್ಟ. ನ್ಯಾಯಾಲಯವು ಬುದ್ಧಿ ಸ್ವಸ್ಥವಿಲ್ಲವೆಂದು ಸಾರಿದವನ ಹೆಸರು ಮತದಾರರ ಪಟ್ಟಿಯಲ್ಲಿ ಇರಬಾರದೆಂದು 1950ರ ಪ್ರಜಾಪ್ರಾತಿನಿಧ್ಯ ಶಾಸನವು ವಿಧಿಸಿದೆ. ಆಸ್ಪತ್ರೆಯ ಗೋಡೆಯಾಚೆಯವರಿಗೆ ಮತವಿಲ್ಲ ಅಥವಾ ಮತ ಹಾಕುವ ಅನುಕೂಲವಿಲ್ಲ. ಅವರ ಮನೆಯವರಿಗೆ ಮತವಿದ್ದರೂ, ನಾಲ್ವರ ಎದುರಿಗೆ ನಮ್ಮ ಮನೆಯಲ್ಲಿ ಇಂತಹವರು ಇದ್ದಾರೆ ಎಂದು ಹೇಳಿಕೊಳ್ಳುವ ಧೈರ್ಯವಿಲ್ಲ. ಹೀಗಿರುವಾಗ ಅಧಿವೇಶನದಿಂದ ಅಧಿವೇಶನಕ್ಕೆ ತುರ್ತಾದ ಬೇರೆ ಬೇರೆ ಕಾರ್ಯಗಳು ಮುಂದೆ ಬಂದಂತೆಲ್ಲ ಈ ಕಾರ್ಯವು ಹಿಂದಕ್ಕೆ ಸರಿಯುತ್ತ ಹೋದುದರಲ್ಲಿ ಆಶ್ಚರ್ಯವಿಲ್ಲ.

ಕಾಲಹರಣವೆಂಬುದು ದೆಹಲಿಯ ಕಡತಗಳಲ್ಲಿ ಬರಿಯ ತಾರೀಖುಗಳ ಅಂತರವಾಗಿ ಕಾಣುವುದಾದರೂ, ಅದರ ಅಳತೆ ಬೇರೆಡೆಯಲ್ಲಿ ಸಿಕ್ಕುತ್ತದೆ. ಆ ಕರಡು ಸರಕಾರಕ್ಕೆ ತಲುಪಿದ ಮರುವರ್ಷ, 1951ರಲ್ಲಿ, ಅಸ್ಸಾಮಿನ ಒಂದು ಹಳ್ಳಿಯ ಆದಿವಾಸಿ ಯುವಕನೊಬ್ಬನನ್ನು, ಯಾರಿಗೋ ತೀವ್ರವಾದ ಗಾಯ ಮಾಡಿದನೆಂಬ ಆರೋಪದ ಮೇಲೆ, ಪೊಲೀಸರು ಹಿಡಿದರು. ವಿಚಾರಣೆ ನಡೆಯಲಿಲ್ಲ; ಬುದ್ಧಿ ಸರಿಯಿಲ್ಲವೆಂದು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಿದರು. 1967ರಲ್ಲಿ ಅವನು ಗುಣವಾಗಿದ್ದಾನೆಂದು ಆಸ್ಪತ್ರೆಯವರು ಬರೆದುಕೊಟ್ಟರು. ಬರೆದುಕೊಟ್ಟ ಮೇಲೆ ಅವನು ಹೋಗಬೇಕಾಗಿದ್ದುದು ನ್ಯಾಯಾಲಯಕ್ಕೆ, ಅಲ್ಲಿಂದ ಮನೆಗೆ. ಹೋದದ್ದು ಗೌಹಾಟಿಯ ಜೈಲಿಗೆ. ಅಲ್ಲಿ ಅವನು ಇನ್ನೂ ಮೂವತ್ತೆಂಟು ವರ್ಷ ಇದ್ದನು. ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು, 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಬಿಡುಗಡೆ ಮಾಡಿದಾಗ ಐವತ್ತನಾಲ್ಕು ವರ್ಷ ಕಳೆದಿದ್ದವು, ವಯಸ್ಸು ಎಪ್ಪತ್ತೇಳಾಗಿದ್ದಿತು. ಇದಕ್ಕೆಲ್ಲ ಶಾಸನಸಭೆಯೇ ಹೊಣೆಯೆಂದು ನಾನು ಹೇಳುವುದಿಲ್ಲ. ಪೊಲೀಸರ, ಜೈಲಿನವರ, ನ್ಯಾಯಾಲಯದ ಮರೆವು ಇದರಲ್ಲಿ ಸೇರಿದೆ. ಆದರೆ ಈ ಮನುಷ್ಯನನ್ನು ಇನ್ನೂ ಏಕೆ ಇರಿಸಿಕೊಂಡಿದ್ದೀರಿ ಎಂದು ಕಾಲಕಾಲಕ್ಕೆ ಕೇಳಲೇಬೇಕಾದ ಒಂದು ಸ್ವತಂತ್ರ ಮಂಡಲಿಯು ಕಾನೂನಿನಲ್ಲಿ ಇದ್ದಿದ್ದರೆ, ಅಷ್ಟು ಮಂದಿಯ ಮರೆವು ಏಕಕಾಲದಲ್ಲಿ ಕೂಡಿಬರುವುದು ಇಷ್ಟು ಸುಲಭವಾಗುತ್ತಿರಲಿಲ್ಲ.

ಶಾಸನವು ಮಲಗಿದ್ದ ಈ ಕಾಲದಲ್ಲಿ ವೈದ್ಯವೂ ಮಲಗಿತ್ತೆಂದು ಯಾರೂ ಭಾವಿಸಬಾರದು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಔಷಧದ ಗುಣವು ಪ್ರಕಟವಾದ ಮೇಲೆ, ವರ್ಷಗಟ್ಟಲೆ ಕೋಣೆಯ ಮೂಲೆಯಲ್ಲಿ ಕುಳಿತಿದ್ದ ರೋಗಿಗಳು ಎದ್ದು ಮಾತನಾಡತೊಡಗಿದರು. ಗುಣಹೊಂದಿ ಮನೆಗೆ ಹೋಗುವುದು ಅಪವಾದವಾಗಿ ಉಳಿಯಲಿಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯ ಮೇಲಧಿಕಾರಿಗಳಾಗಿದ್ದ ಡಾಕ್ಟರ್ ವಿದ್ಯಾಸಾಗರರು, ತಮ್ಮಲ್ಲಿ ಸ್ಥಳವಿಲ್ಲದಿದ್ದಾಗ, ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ತಾಯಿಯನ್ನೋ ಹೆಂಡತಿಯನ್ನೋ ಅಣ್ಣತಮ್ಮಂದಿರನ್ನೋ ಅವನ ಜೊತೆಯಲ್ಲಿಯೇ ಇರಿಸಿಕೊಂಡರು. ಅಲ್ಲಿಯೇ ಅಡಿಗೆ, ಅಲ್ಲಿಯೇ ಊಟ. ಔಷಧವನ್ನು ಹೇಗೆ ಕೊಡಬೇಕು, ಸಿಟ್ಟು ಬಂದಾಗ ಹೇಗೆ ಸಮಾಧಾನ ಹೇಳಬೇಕು ಎಂಬುದನ್ನು ಮನೆಯವರು ನೋಡಿ ಕಲಿತರು. ಕೆಲವು ವಾರಗಳಲ್ಲಿ ರೋಗಿಯನ್ನು ಕರೆದುಕೊಂಡು ಊರಿಗೆ ಹೋದರು. ಕುಟುಂಬವನ್ನೇ ಚಿಕಿತ್ಸೆಯ ಅಂಗವನ್ನಾಗಿ ಮಾಡಿದ ಈ ಕ್ರಮವನ್ನು ಹೊರದೇಶದವರೂ ಮೆಚ್ಚಿದರು. ಅದಕ್ಕೆ 1912ರ ಶಾಸನದಲ್ಲಿ ಎಳ್ಳಷ್ಟೂ ಆಧಾರವಿರಲಿಲ್ಲ.

ಕನ್ನಡನಾಡಿನಲ್ಲಿಯೂ ಹೀಗೆಯೇ ನಡೆಯಿತು. 1970ರ ದಶಕದಲ್ಲಿ ನಿಮ್ಹಾನ್ಸಿನವರು ಬೆಂಗಳೂರಿಗೆ ಸಮೀಪದ ಸಕಲವಾರ ಗ್ರಾಮದಲ್ಲಿ ಕೇಂದ್ರವನ್ನು ತೆರೆದು, ಹಳ್ಳಿಯ ರೋಗಿಗಳಿಗೆ ಹಳ್ಳಿಯಲ್ಲಿಯೇ ಚಿಕಿತ್ಸೆ ಕೊಡುವ ಬಗೆಯನ್ನು ಪ್ರಯೋಗಮಾಡಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಕಾರ್ಯವು ಜಿಲ್ಲೆಯ ಪ್ರಮಾಣದಲ್ಲಿ ನಡೆದು, 1996ರಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತು. ಡಾಕ್ಟರ್ ಸಿ. ಆರ್. ಚಂದ್ರಶೇಖರರಂತಹ ವೈದ್ಯರು ಮನೋರೋಗಗಳ ವಿಷಯವನ್ನು ತಿಳಿಯಾದ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕವಾಗಿ ಬರೆದು, ದೆವ್ವ ಮಾಟಗಳ ಭಯದಲ್ಲಿ ಬಳಲುತ್ತಿದ್ದ ಮನೆಗಳಿಗೆ ಬೆಳಕನ್ನು ಮುಟ್ಟಿಸಿದರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ತೆಗೆದುಕೊಂಡು ಸಂಜೆಗೆ ಮನೆ ಸೇರುತ್ತಿದ್ದ ರೋಗಿಯೂ, ನ್ಯಾಯಶಾಸ್ತ್ರದ ದೃಷ್ಟಿಯಲ್ಲಿ, ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾದ ಲೂನಟಿಕ್ ಆಗಿಯೇ ಇದ್ದನು.

ಇನ್ನು ಸಂಸತ್ತಿನ ಮಾತು. 1978ರಲ್ಲಿ ಮಾನಸಿಕ ಆರೋಗ್ಯ ಮಸೂದೆಯು ಲೋಕಸಭೆಯಲ್ಲಿ ಮಂಡನೆಯಾಯಿತು. ಮರುವರ್ಷ ಆಗಸ್ಟಿನಲ್ಲಿ ಲೋಕಸಭೆಯು ವಿಸರ್ಜನೆಯಾದುದರಿಂದ ಬಿದ್ದುಹೋಯಿತು. ನಮ್ಮ ಸಂವಿಧಾನದ 107ನೆಯ ವಿಧಿಯ ಪ್ರಕಾರ ಲೋಕಸಭೆಯಲ್ಲಿ ಉಳಿದಿರುವ ಮಸೂದೆಯು ಆ ಸಭೆಯೊಡನೆ ಸಾಯುತ್ತದೆ; ಲೋಕಸಭೆಯು ಇನ್ನೂ ಅಂಗೀಕರಿಸದೆ ರಾಜ್ಯಸಭೆಯಲ್ಲಿ ಇರುವ ಮಸೂದೆಯಾದರೋ ಬದುಕಿರುತ್ತದೆ. 1981ರಲ್ಲಿ ಅದನ್ನು ಮರಳಿ ತಂದಾಗ ರಾಜ್ಯಸಭೆಯಲ್ಲಿ ಮಂಡಿಸಲಾಯಿತು. 1984ರ ಕೊನೆಯಲ್ಲಿ ಮತ್ತೊಂದು ಲೋಕಸಭೆ ವಿಸರ್ಜನೆಯಾದರೂ ಮಸೂದೆ ಅಳಿಯದೆ ಉಳಿಯಿತು. ಸಂಯುಕ್ತ ಸಮಿತಿಯ ಪರಿಶೀಲನೆಯೆಲ್ಲ ಮುಗಿದು, 1986ರ ನವೆಂಬರ್ 26ರಂದು ರಾಜ್ಯಸಭೆಯೂ 1987ರ ಮಾರ್ಚ್ 19ರಂದು ಲೋಕಸಭೆಯೂ ಅದನ್ನು ಅಂಗೀಕರಿಸಿದವು. ಮೇ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು.

ಆಮೇಲಾದರೂ ಅದು ಜಾರಿಗೆ ಬಂದಿತೇ? ಇಲ್ಲ. ಶಾಸನವು ಯಾವ ದಿನದಿಂದ ಜಾರಿಗೆ ಬರತಕ್ಕದ್ದೆಂಬುದನ್ನು ಸರಕಾರವು ಪ್ರಕಟನೆಯಿಂದ ಗೊತ್ತುಮಾಡಬೇಕೆಂದು ಅದರಲ್ಲಿಯೇ ಬರೆದಿದ್ದಿತು. ಪ್ರಕಟನೆಗೆ ಮುಂಚೆ ನಿಯಮಗಳು ಬೇಕು. ನಿಯಮಗಳು 1990ರ ಕೊನೆಗೆ ಬಂದವು. ಪ್ರಾಧಿಕಾರಗಳನ್ನು ರಚಿಸಲು ರಾಜ್ಯಗಳು ಸಿದ್ಧವಾಗಬೇಕು. ಹೀಗೆ ಆರು ವರ್ಷ ಕಳೆದು, 1993ರ ಏಪ್ರಿಲ್ 1ರಂದು ಹೊಸ ಶಾಸನವು ಪ್ರಾರಂಭವಾಯಿತು. 1912ರ ಶಾಸನವು ಅಂದು ಮುಗಿಯಿತು: ಸ್ವತಂತ್ರ ಭಾರತದಲ್ಲಿ ಅದು ಆಳಿದ ಕಾಲವು ಬ್ರಿಟಿಷರ ಭಾರತದಲ್ಲಿ ಆಳಿದ ಕಾಲಕ್ಕಿಂತ ಹತ್ತು ವರ್ಷಕ್ಕೂ ಮಿಕ್ಕು ದೀರ್ಘವಾದದ್ದು.

ಈ ನಡುವೆ ಶಾಸಕರು ಮಾಡದ ಕಾರ್ಯವನ್ನು ನ್ಯಾಯಾಧೀಶರು ಮಾಡಬೇಕಾಯಿತು. ಹಜಾರಿಬಾಗಿನ ಜೈಲಿನಲ್ಲಿ, ಬುದ್ಧಿ ಸರಿಯಿಲ್ಲವೆಂದು ಇರಿಸಿಕೊಂಡ ಬಂದಿಗಳು, ಬುದ್ಧಿ ಸರಿಯಾದ ಮೇಲೂ ಇಪ್ಪತ್ತು ಮೂವತ್ತು ವರ್ಷಗಳಿಂದ ಕೊಳೆಯುತ್ತಿರುವರೆಂಬುದು 1982ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪಶ್ಚಿಮ ಬಂಗಾಳದ ಜೈಲುಗಳಲ್ಲಿ ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು, ಬೇರೆ ಸ್ಥಳವಿಲ್ಲವೆಂಬ ಒಂದೇ ಕಾರಣದಿಂದ ಕೂಡಿಹಾಕಿದ್ದುದನ್ನು ಪತ್ರಕರ್ತೆ ಶೀಲಾ ಬರ್ಸೆಯವರು ಎತ್ತಿ ತೋರಿದಾಗ, 1993ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯವು ಅಂತಹ ಬಂಧನವು ಕಾನೂನಿಗೂ ಸಂವಿಧಾನಕ್ಕೂ ವಿರುದ್ಧವೆಂದು ಘೋಷಿಸಿತು.

ಇಷ್ಟು ಕಾಲ ಕಾಯಿಸಿ ಬಂದ 1987ರ ಶಾಸನವು ಬರುವ ಹೊತ್ತಿಗೇ ಹಳತಾಗಿದ್ದಿತು; ವಿಳಂಬದ ಬಹು ದೊಡ್ಡ ಹಾನಿಯೆಂದರೆ ಇದು ಎಂದು ನನ್ನ ಅಭಿಪ್ರಾಯ. 1950ರ ಜಗತ್ತಿಗೆ ತಕ್ಕ ಔಷಧವನ್ನು 1993ರಲ್ಲಿ ಕೊಟ್ಟಂತಾಯಿತು. ಮಾನಸಿಕ ರೋಗಿಗಳಿಗೆ ಮಾನವ ಹಕ್ಕುಗಳುಂಟು ಎಂಬ ಒಂದು ಅಧ್ಯಾಯವೂ ಖಾಸಗಿ ಆಸ್ಪತ್ರೆಗಳಿಗೆ ಪರವಾನಗಿಯ ಕ್ರಮವೂ ಅದರಲ್ಲಿ ಬಂದವು, ನಿಜ. ಆದರೆ ಅದರ ಗಮನವೆಲ್ಲ ಆಸ್ಪತ್ರೆಯ ಒಳಕ್ಕೆ ಸೇರಿಸುವುದು ಹೇಗೆ ಎಂಬುದರಲ್ಲಿಯೇ ಇದ್ದಿತು. ಸಕಲವಾರ ಬಳ್ಳಾರಿಗಳಲ್ಲಿ ಕಂಡುಕೊಂಡ ಸತ್ಯಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ. ಇದ್ದ ಪರವಾನಗಿಯ ಕ್ರಮವಾದರೂ ನಡೆಯಿತೇ ಎಂದರೆ, ಅದಕ್ಕೆ ಏರ್ವಾಡಿಯೇ ಉತ್ತರ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾದ ಊರಿನಲ್ಲಿ, ನಂಬಿ ಬಂದವರನ್ನು ಇರಿಸಿಕೊಳ್ಳುವ ಖಾಸಗಿ ಆಶ್ರಯಗಳು ಪರವಾನಗಿಯ ಹಂಗಿಲ್ಲದೆ ನಡೆಯುತ್ತಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅವುಗಳಲ್ಲಿ ಒಂದರ ಚಪ್ಪರಕ್ಕೆ ಬೆಂಕಿ ಬಿದ್ದಿತು. ಒಳಗಿದ್ದವರ ಕಾಲುಗಳಿಗೆ ಸರಪಳಿ ಬಿಗಿದಿದ್ದುದರಿಂದ ಅವರು ಓಡಲಾರದೆ ಹೋದರು. 28 ಮಂದಿ ಸುಟ್ಟು ಸತ್ತರು. ಅಂತಹ ಸ್ಥಳಗಳನ್ನು ತಡೆಯಬೇಕಾದ ಶಾಸನವು ಅಂದಿಗೆ ಎಂಟು ವರ್ಷಗಳಿಂದ ಜಾರಿಯಲ್ಲಿದ್ದಿತು.

2007ರಲ್ಲಿ ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅಂಗೀಕರಿಸಿದ ಮೇಲೆ ಮತ್ತೆ ಹೊಸ ಶಾಸನ ಅಗತ್ಯವಾಯಿತು. 2013ರ ಆಗಸ್ಟ್ 19ರಂದು ಮಾನಸಿಕ ಆರೋಗ್ಯ ಶುಶ್ರೂಷೆಯ ಮಸೂದೆಯು ಮಂಡನೆಯಾದದ್ದೂ ರಾಜ್ಯಸಭೆಯಲ್ಲಿಯೇ. ಮರುವರ್ಷದ ಚುನಾವಣೆಯಲ್ಲಿ ಸರಕಾರ ಬದಲಾದರೂ ಅದು ಬದುಕಿ ಉಳಿದದ್ದಕ್ಕೆ ಅದೇ ಕಾರಣ. 2016ರ ಆಗಸ್ಟ್ 8ರಂದು ನೂರಕ್ಕೂ ಮೀರಿದ ತಿದ್ದುಪಡಿಗಳೊಡನೆ ರಾಜ್ಯಸಭೆಯಲ್ಲಿಯೂ, 2017ರ ಮಾರ್ಚ್ 27ರಂದು ಲೋಕಸಭೆಯಲ್ಲಿಯೂ ಅಂಗೀಕೃತವಾಗಿ, ಏಪ್ರಿಲ್ 7ರಂದು ಅಂಕಿತ ಪಡೆಯಿತು. ಸರಪಳಿ ಬಿಗಿಯುವುದನ್ನೂ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ಅದು ನಿಷೇಧಿಸಿತು. ಚಿಕಿತ್ಸೆಯನ್ನು ಪಡೆಯುವುದು ಹಕ್ಕೆಂದು ಸಾರಿತು. ನಾಳೆ ನನಗೆ ಬುದ್ಧಿ ಕೆಟ್ಟರೆ ಹೀಗೆ ನೋಡಿಕೊಳ್ಳಿ, ಹೀಗೆ ನೋಡಿಕೊಳ್ಳಬೇಡಿ ಎಂದು ಸ್ವಸ್ಥನಾಗಿರುವಾಗಲೇ ಬರೆದಿಡುವ ಅಧಿಕಾರವನ್ನು ಪ್ರಾಯಕ್ಕೆ ಬಂದ ಪ್ರತಿಯೊಬ್ಬನಿಗೂ ಕೊಟ್ಟಿತು. ನ್ಯಾಯಾಧೀಶರು, ವೈದ್ಯರು, ಜಿಲ್ಲಾಧಿಕಾರಿಯ ಪ್ರತಿನಿಧಿ ಇವರ ಜೊತೆಗೆ, ರೋಗವನ್ನು ಅನುಭವಿಸಿದವರೂ ಅವರನ್ನು ನೋಡಿಕೊಂಡವರೂ ಕುಳಿತುಕೊಳ್ಳಬಹುದಾದ ಪುನರ್ವಿಮರ್ಶಾ ಮಂಡಲಿಗಳನ್ನು ಜಿಲ್ಲೆಗಳಿಗೆ ವಿಧಿಸಿತು. ಅಸ್ಸಾಮಿನ ಆ ಮನುಷ್ಯನಿಗೆ ಬೇಕಾಗಿದ್ದುದು ಇಂತಹದೊಂದು ಮಂಡಲಿಯೇ.

ಆದರೆ ಇಲ್ಲಿಯೂ ಹಳೆಯ ಚಾಳಿ ಬಿಡಲಿಲ್ಲ. ಅಂಕಿತ ಬಿದ್ದ ಒಂಬತ್ತು ತಿಂಗಳೊಳಗೆ ಪ್ರತಿಯೊಂದು ರಾಜ್ಯವೂ ತನ್ನ ಪ್ರಾಧಿಕಾರವನ್ನು ರಚಿಸತಕ್ಕದ್ದೆಂದು ಶಾಸನವು ವಿಧಿಸಿದ್ದಿತು. ಆ ಲೆಕ್ಕದಲ್ಲಿ ಗಡುವು ಮುಗಿದದ್ದು 2018ರ ಜನವರಿಯಲ್ಲಿ. ಶಾಸನವೇ ಜಾರಿಗೆ ಬಂದದ್ದು ಆ ವರ್ಷದ ಮಧ್ಯಭಾಗದಲ್ಲಿ. ಶಾಸನವು ಹುಟ್ಟುವುದಕ್ಕೆ ಮೊದಲೇ ಅದರ ಅವಧಿ ಮೀರಿಹೋಗಿದ್ದಿತು. ಅನೇಕ ರಾಜ್ಯಗಳಲ್ಲಿ ಮಂಡಲಿಗಳು ಬಹುಕಾಲ ಕಾಗದದ ಮೇಲೆಯೇ ಉಳಿದುವು. ಮಂಡಲಿಯಿಲ್ಲದ ಕಡೆ, ಬರೆದಿಟ್ಟ ನಿರ್ದೇಶನವನ್ನು ದಾಖಲೆ ಮಾಡಿಸುವುದಕ್ಕೂ, ಬಲವಂತವಾಗಿ ಇರಿಸಿಕೊಂಡಿರುವುದನ್ನು ಪ್ರಶ್ನಿಸುವುದಕ್ಕೂ ರೋಗಿಗೆ ಸ್ಥಳವಿಲ್ಲ.

ಶಾಸನಸಭೆಗಳು ಅವಸರ ಮಾಡಬೇಕೆಂದು ಇದರ ತಾತ್ಪರ್ಯವಲ್ಲ. ಮನುಷ್ಯನ ಸ್ವಾತಂತ್ರ್ಯವನ್ನು ಮುಟ್ಟುವ ಕಾನೂನನ್ನು ಸಮಿತಿಯು ಸಾಲುಸಾಲಾಗಿ ಪರಿಶೀಲಿಸುವುದೂ, ವೈದ್ಯರ, ವಕೀಲರ, ರೋಗಿಗಳ ಮಾತನ್ನು ಕೇಳುವುದೂ, ನೂರು ತಿದ್ದುಪಡಿ ಮಾಡುವುದೂ ಕಾಲಹರಣವಲ್ಲ. ಅದು ಪ್ರಜಾಪ್ರಭುತ್ವದ ಧರ್ಮ. 2013ರಿಂದ 2017ರವರೆಗಿನ ನಾಲ್ಕು ವರ್ಷಗಳ ಬಹುಭಾಗಕ್ಕೆ ಇಂತಹ ಸಮರ್ಥನೆ ಉಂಟು. 1950ರಿಂದ 1978ರವರೆಗಿನ ಇಪ್ಪತ್ತೆಂಟು ವರ್ಷಗಳಿಗೆ ಯಾವ ಸಮರ್ಥನೆಯೂ ಇಲ್ಲ. ಆ ಕಾಲದಲ್ಲಿ ವಿಚಾರಮಂಥನ ನಡೆಯಲಿಲ್ಲ, ಕರಡು ಸುಮ್ಮನೆ ಇದ್ದಿತು.

ಇದರ ಜೊತೆಗೆ ಸೇರಿಸಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸುತ್ತಿದ್ದ ದಂಡಸಂಹಿತೆಯ 309ನೆಯ ಪ್ರಕರಣವನ್ನು ತೆಗೆದುಹಾಕಬೇಕೆಂದು ಕಾನೂನು ಆಯೋಗವು 1971ರಲ್ಲಿ ಶಿಫಾರಸು ಮಾಡಿತು. 1978ರಲ್ಲಿ ರಾಜ್ಯಸಭೆ ಅದಕ್ಕೆ ಒಪ್ಪಿತು. ಲೋಕಸಭೆಯು ಒಪ್ಪುವುದರೊಳಗೆ ವಿಸರ್ಜನೆಯಾಗಿ ಮಸೂದೆ ಬಿದ್ದುಹೋಯಿತು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು, 1996ರಲ್ಲಿ ದೊಡ್ಡ ಪೀಠವು ಮತ್ತೆ ಊರ್ಜಿತಗೊಳಿಸಿತು. 2017ರ ಶಾಸನವು, ಅಂತಹವನು ತೀವ್ರವಾದ ಮನೋವೇದನೆಯಲ್ಲಿದ್ದನೆಂದೇ ತಿಳಿಯತಕ್ಕದ್ದು, ಅವನನ್ನು ಶಿಕ್ಷಿಸಬಾರದು ಎಂದು ಹೇಳಿ ಅದರ ಹಲ್ಲನ್ನು ಕಿತ್ತಿತು. ಅಧಿಕಾರಿಗಳನ್ನು ಬಲವಂತಪಡಿಸುವ ಉದ್ದೇಶದಿಂದ ಮಾಡುವ ಯತ್ನವೊಂದನ್ನು ಉಳಿದು, ಅಪರಾಧವೆಂಬ ಹೆಸರೇ ಹೋದದ್ದು 2024ರ ಜುಲೈ 1ರಂದು ಹೊಸ ನ್ಯಾಯಸಂಹಿತೆ ಜಾರಿಗೆ ಬಂದಾಗ. ಶಿಫಾರಸಿಗೂ ಜಾರಿಗೂ ನಡುವೆ ಐವತ್ತಮೂರು ವರ್ಷ. ವಿಷ ಕುಡಿದ ಮಗನನ್ನು ಆಸ್ಪತ್ರೆಗೆ ಕರೆತಂದ ತಂದೆಯು ವೈದ್ಯರೆದುರಿಗೆ, ತಪ್ಪಿ ಕುಡಿದನು ಸ್ವಾಮಿ ಎಂದು ಪೊಲೀಸರ ಭಯದಿಂದ ಸುಳ್ಳು ಹೇಳಬೇಕಾಗಿ ಬಂದ ವರ್ಷಗಳು ಅವು.

ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮತ ಕೇಳಲು ನಿಮ್ಮ ಮನೆಯ ಬಾಗಿಲಿಗೆ ಬಂದವರನ್ನು, ರಸ್ತೆ ನೀರುಗಳ ವಿಷಯವನ್ನು ಕೇಳುವಂತೆಯೇ, ನಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಲಿ ಎಲ್ಲಿ ಸೇರುತ್ತದೆ, ಯಾವಾಗ ಸೇರುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ಕೇಳಿರಿ. ಉತ್ತರ ತಿಳಿಯದಿದ್ದರೆ ತಿಳಿದುಕೊಂಡು ಬರುವಂತೆ ಹೇಳಿರಿ. ಕೇಳಬೇಕಾದವರಲ್ಲಿ ಅನೇಕರಿಗೆ ಮತವಿಲ್ಲ, ನಮಗೆ ಇದೆ.